ಪೌಲ್ ಟೈಲರ್ ಓದಿದ ಕಲ್ಲು

ಪೌಲ್ ಟೈಲರ್ ಯಾವ ಕಲ್ಲನ್ನು ಮುಟ್ಟುವುದಿದ್ದರೂ ಮೊದಲು ಚಪ್ಪಲಿ ಬಿಡುತ್ತಿದ್ದರು. ದೇವಸ್ಥಾನದ ಕಲ್ಲು, ಬಸದಿಯ ಕಲ್ಲು ಎಂಬ ಭೇದ ಇರಲಿಲ್ಲ. ತೋಡಿನ ಬದಿಯಲ್ಲಿ ಹೆಂಗಸರು ಬಟ್ಟೆ ಒಗೆಯುವ ಕಲ್ಲಿನಲ್ಲಿ ಎರಡು ಗೀಟು ಕಂಡರೂ ಸಾಕು, ಚಪ್ಪಲಿಯನ್ನು ದೂರದಲ್ಲಿ ಜೋಡಿಸಿಟ್ಟು, ಪಂಚೆ ಮಡಚಿ ಕುಕ್ಕರುಗಾಲಿನಲ್ಲಿ ಕೂತು, ಅಂಗೈಯನ್ನು ಕಲ್ಲಿನ ಮೇಲೆ ಇಡುತ್ತಿದ್ದರು. ಮಗುವಿನ ಹಣೆ ಮುಟ್ಟಿ ಜ್ವರ ನೋಡುವ ಹಾಗೆ.

"ಎಂತ ಪೊರ್ಬುಗಳೇ, ಕಲ್ಲಿಗೆ ಜ್ವರ ಉಂಟಾ?" ಎಂದು ನಾನೊಮ್ಮೆ ತಮಾಷೆ ಮಾಡಿದ್ದೆ. ಕೊಂಕಣಿ ಮಾತಾಡುವ ಕ್ರೈಸ್ತರನ್ನು ನಮ್ಮ ಕಡೆ ಹಾಗೆ ಮರ್ಯಾದೆಯಿಂದ ಕರೆಯುತ್ತೇವೆ.

"ಜ್ವರ ಇಲ್ಲ ಶೆಟ್ರೇ. ಇದಕ್ಕೆ ಮಾತಾಡ್ಲಿಕ್ಕೆ ಉಂಟು. ಹತ್ರ ಕೂತುಕೊಳ್ಳುವವರು ಇಲ್ಲ, ಅಷ್ಟೆ."

ನಮ್ಮ ಪಾದೆಮಾರಿನ ದೈವಸ್ಥಾನದ ಹೊಸ ಸಮಿತಿಯವರು ಕಳೆದ ತಿಂಗಳು ನನ್ನ ಮನೆಗೆ ಬಂದಿದ್ದರು. ಸ್ಮರಣ ಸಂಚಿಕೆ ತರುತ್ತಾರಂತೆ. ಊರಿನ ಇತಿಹಾಸದ ಬಗ್ಗೆ ನಾಲ್ಕು ಪುಟ ಬೇಕು, ನೀವೇ ಹಿರಿಯರು, ಜೀರ್ಣೋದ್ಧಾರದ ಕಾಲದಲ್ಲಿ ಕಾರ್ಯದರ್ಶಿಯಾಗಿದ್ದವರು, ನಿಮಗಿಂತ ಚೆನ್ನಾಗಿ ಬರೆಯುವವರು ಯಾರು ಎಂದರು. ನಾನು ಹೈಸ್ಕೂಲಿನವರೆಗೆ ಓದಿದವನು. ಬರೆದು ಕೊಡುತ್ತೇನೆ ಎಂದು ಒಪ್ಪಿಕೊಂಡೆ. ಅವರು ಕೇಳಿದ್ದು ಇಂಥದ್ದನ್ನಲ್ಲ ಎಂದು ನನಗೆ ಗೊತ್ತಿದೆ. ಆದರೆ ಈ ಊರಿನ ಇತಿಹಾಸ ಎಂದು ಕುಳಿತರೆ ನನಗೆ ಬರೆಯಲು ಇರುವುದು ಪೌಲ್ ಟೈಲರರ ಬಗ್ಗೆ ಮಾತ್ರ. ಊರಿನ ಇತಿಹಾಸ ಗೊತ್ತಿದ್ದವರು ಅವರು. ಅದನ್ನು ಅಡಗಿಸಿದವನು ನಾನು.

ಅಳದಂಗಡಿಯಿಂದ ಒಳಗೆ ಬರುವ ಬಸ್ಸು ತಿರುಗಿ ನಿಲ್ಲುವಲ್ಲಿ ಅವರ ಅಂಗಡಿ ಇತ್ತು. ಒಂದು ಕಾಲುಮೆಷಿನು, ಒಂದು ಬೆಂಚು, ಗೋಡೆಯಲ್ಲಿ ಏಸುವಿನ ಪಟ, ಅದರ ಕೆಳಗೆ ಮೊಳೆಗೆ ಸಿಕ್ಕಿಸಿದ ಬಿಲ್ಲುಗಳು. ಕುತ್ತಿಗೆಯಲ್ಲಿ ಟೇಪು ಯಾವಾಗಲೂ ಇರುತ್ತಿತ್ತು. ಇಗರ್ಜಿಗೆ ಹೋಗುವಾಗಲೂ ಅದನ್ನು ತೆಗೆಯಲು ಮರೆಯುತ್ತಾರೆ ಎಂದು ಅವರ ಹೆಂಡತಿ ಸಿಸಿಲಿಯಾ ಬಾಯಮ್ಮ ದೂರುತ್ತಿದ್ದರು. ಓದಿದ್ದು ಏಳನೇ ಕ್ಲಾಸು. ಹಳೆಯ ಅಕ್ಷರ ಕಲಿತದ್ದು ಮೂಡುಬಿದಿರೆಯಲ್ಲಿ. ಹುಡುಗನಾಗಿದ್ದಾಗ ಅಲ್ಲಿನ ಒಬ್ಬ ಟೈಲರರ ಕೈಕೆಳಗೆ ಕೆಲಸಕ್ಕಿದ್ದರಂತೆ. ಅಂಗಡಿಯ ಎದುರಿನ ಬಸದಿಯಲ್ಲಿ ಪೂಜೆ ಮಾಡುವ ವಯಸ್ಸಾದ ಇಂದ್ರರೊಬ್ಬರು ಕಲ್ಲಿನಲ್ಲಿರುವುದನ್ನು ಓದುತ್ತಿದ್ದರಂತೆ. ಇವರು ಅವರ ಹರಿದ ಬಟ್ಟೆಗಳನ್ನು ಹೊಲಿದು ಕೊಟ್ಟು, ಅದರ ಬದಲಿಗೆ ದಿನಕ್ಕೆ ಎರಡು ಅಕ್ಷರ ಕಲಿತರಂತೆ.

ಭಾನುವಾರ ಇಗರ್ಜಿಯಿಂದ ಬಂದು ಗಂಜಿ ಉಂಡ ಮೇಲೆ ಅವರ ಸವಾರಿ ಹೊರಡುತ್ತಿತ್ತು. ಚೀಲದಲ್ಲಿ ಬೂಟಿಗೆ ಹಾಕುವ ಬ್ರಶ್ಶು, ಮಂಗಳೂರಿನಿಂದ ತರಿಸಿದ ದಪ್ಪ ಕಾಗದ, ಒಂದು ಬಾಟ್ಲಿ ನೀರು, ದೀಪದ ಮಸಿಗೆ ಗೋಂದು ಕಲಸಿದ ಡಬ್ಬಿ, ಒಂದು ಪೊಟ್ಟಣ ಅಕ್ಕಿ ಹಿಟ್ಟು. ಮೊದಲು ಹಿಟ್ಟನ್ನು ಕಲ್ಲಿಗೆ ಸವರಿ ಅಕ್ಷರ ಕಾಣುವಂತೆ ಮಾಡಿಕೊಳ್ಳುತ್ತಿದ್ದರು. ಅಂಗಡಿಯಲ್ಲಿ ಬೇಕಾದಷ್ಟು ಚಾಕ್ ಇದ್ದರೂ ಅದನ್ನು ಮುಟ್ಟುತ್ತಿರಲಿಲ್ಲ. "ಚಾಕ್ ಗೀರ್ತದೆ. ಹಿಟ್ಟಾದ್ರೆ ಇರುವೆ ಬಂದು ತಿಂದು ಹೋಗ್ತದೆ, ಕಲ್ಲು ಇದ್ದ ಹಾಗೇ ಇರ್ತದೆ" ಎನ್ನುತ್ತಿದ್ದರು. ಓದಿಯಾದ ಮೇಲೆ ಕಲ್ಲು ತೊಳೆದು, ಒದ್ದೆ ಕಾಗದ ಅಂಟಿಸಿ, ಅದು ಪ್ರತಿ ಗೀರಿನ ಒಳಗೆ ಇಳಿಯುವವರೆಗೆ ಬ್ರಶ್ಶಿನಿಂದ ತಟ್ಟುವುದು. ಆಮೇಲೆ ಹೊಲಿದು ಉಳಿದ ತುಂಡು ಬಟ್ಟೆಗಳನ್ನು ಉಂಡೆ ಕಟ್ಟಿ, ಮಸಿಯಲ್ಲಿ ಅದ್ದಿ, ಕಾಗದದ ಮೇಲೆ ಒತ್ತುವುದು. ಕಾಗದ ಕಪ್ಪಾಗುತ್ತಿತ್ತು, ಅಕ್ಷರ ಬೆಳ್ಳಗೆ ಏಳುತ್ತಿತ್ತು. ಅದಕ್ಕೆ ಪಡಿಯಚ್ಚು ಎನ್ನುತ್ತಾರೆ ಎಂದು ನನಗೆ ಹೇಳಿಕೊಟ್ಟವರು ಅವರೇ.

ಜನರ ಅಳತೆಗೂ ಕಲ್ಲಿನ ಅಳತೆಗೂ ಅವರಲ್ಲಿ ಇದ್ದದ್ದು ಒಂದೇ ಪುಸ್ತಕ. ಕಲ್ಲಾಪು ಮನೆಯ ಬಾಬಣ್ಣ ಒಮ್ಮೆ ಮಗಳ ಮದುವೆಗೆಂದು ಬಿಳಿ ಅಂಗಿ ಹೊಲಿಯಲು ಕೊಟ್ಟಿದ್ದ. ಹಾಕಿ ನೋಡಿದರೆ ಮೊಣಕಾಲಿನಿಂದ ಕೆಳಗೆ ಇಳಿಯುತ್ತಿತ್ತು. ಪುಸ್ತಕ ನೋಡಿದಾಗ ಗೊತ್ತಾಯಿತು, ಹಿಂದಿನ ಭಾನುವಾರ ಅಳೆದ ಒಂದು ಕಲ್ಲಿನ ಉದ್ದವನ್ನು ಬಾಬಣ್ಣನ ಲೆಕ್ಕಕ್ಕೆ ಹಿಡಿದಿದ್ದರು. ಬಾಬಣ್ಣ ಸಿಟ್ಟು ಮಾಡಲಿಲ್ಲ. ಅದೇ ಅಂಗಿ ಹಾಕಿಕೊಂಡು ಅಂಗಡಿಯ ಬೆಂಚಿನ ಮೇಲೆ ನೆಟ್ಟಗೆ ನಿಂತು, "ಬನ್ನಿ ಮಾರಾಯ್ರೆ, ಹಿಟ್ಟು ಸವರಿ ನನ್ನನ್ನೂ ಒಮ್ಮೆ ಓದಿ" ಎಂದ. ಬಸ್ಸಿಗೆ ಕಾದವರೆಲ್ಲ ನಕ್ಕರು. ಪೌಲ್ ಟೈಲರರು ನಗುತ್ತಲೇ ಅಂಗಿ ಬಿಚ್ಚಿಸಿ, ಅಲ್ಲೇ ಕತ್ತರಿಸಿ, ಸಂಜೆಯೊಳಗೆ ಸರಿ ಮಾಡಿ ಕೊಟ್ಟರು. ಮುಂದೆ ನನ್ನಿಂದ ಅನ್ಯಾಯ ಆದದ್ದು ಹೀಗೆ ನಕ್ಕ ಈ ಇಬ್ಬರಿಗೇ.

ನಮ್ಮ ಮನೆ ಮೇಗಿನಗುತ್ತು. ವರ್ಷಕ್ಕೊಮ್ಮೆ ದೈವ ಮೈದುಂಬಿ ನುಡಿಯುವ ನೇಮದ ದಿನ ಅದು ಮೊದಲು ಕರೆಯುವುದು ನಮ್ಮ ಮನೆಯ ಹೆಸರನ್ನು. ಮೊದಲ ಬೂಳ್ಯ, ಎಂದರೆ ದೈವದ ಕೈಯಿಂದ ಬರುವ ಮೊದಲ ವೀಳ್ಯ, ನಮಗೆ. ಹೊರಗಿನವರಿಗೆ ಇದು ನಾಲ್ಕು ವೀಳ್ಯದೆಲೆಯ ವಿಷಯ. ಒಳಗಿನವರಿಗೆ ಅದು ಊರಿನಲ್ಲಿ ನಾವು ಎಲ್ಲಿ ಕೂರುತ್ತೇವೆ, ನಾವು ಮಾತಾಡಿದರೆ ಯಾರು ಸುಮ್ಮನಾಗುತ್ತಾರೆ ಎಂಬುದೆಲ್ಲ. ನನ್ನ ತಂದೆ ಎದ್ದು ನಿಂತು ಕೈಯೊಡ್ಡುವುದನ್ನು ನೋಡಿ ಬೆಳೆದವನು ನಾನು. ಕಲ್ಲಾಪು ಮನೆಯವರು ಆಗ ಚಪ್ಪರದ ಹೊರಗೆ ಕಂಬ ಹಿಡಿದು ನಿಂತಿರುತ್ತಿದ್ದರು. ಬಾಬಣ್ಣ ಶೇಂದಿ ಇಳಿಸುತ್ತಿದ್ದ, ಅವನ ಮನೆಯ ಹೆಂಗಸರು ಬೀಡಿ ಕಟ್ಟುತ್ತಿದ್ದರು. ಅವರಿಗೆ ಬೂಳ್ಯ ಇರಲಿಲ್ಲ. ಯಾಕೆ ಇಲ್ಲ ಎಂದು ಯಾರೂ ಕೇಳಿದವರಲ್ಲ.

ನೇಮದ ಚಪ್ಪರಕ್ಕೆ ಕಟ್ಟುವ ಕೆಂಪು ಬಿಳಿ ಮೇಲ್ಕಟ್ಟನ್ನು ವರ್ಷ ವರ್ಷ ಹೊಲಿಯುತ್ತಿದ್ದವರು ಪೌಲ್ ಟೈಲರರು. ಅವರ ತಂದೆಯ ಕಾಲದಿಂದ ನಡೆದು ಬಂದದ್ದು. ಹೊಲಿದು ಮುಗಿಸಿ, ತಲೆಯ ಮೇಲೆ ಹೊತ್ತು ತಂದು, ಗೋಪುರದ ಹೊರಗೆ ಚಪ್ಪಲಿ ಬಿಟ್ಟು, ನನ್ನ ಕೈಯಲ್ಲಿ ಕೊಡುತ್ತಿದ್ದರು. "ಈ ಸಲ ಮೂಲೆಗೆ ಎರಡು ಹೊಲಿಗೆ ಜಾಸ್ತಿ ಹಾಕಿದ್ದೇನೆ. ಗಾಳಿ ಬಂದ್ರೂ ದೈವಕ್ಕೆ ಬಿಸಿಲು ತಾಗ್ಲಿಕ್ಕಿಲ್ಲ."

ಜೀರ್ಣೋದ್ಧಾರಕ್ಕೆಂದು ಹಳೆಯ ಗೋಪುರದ ಗೋಡೆ ಕೆಡವಿದಾಗ ಒಳಗಿನಿಂದ ಒಂದು ಕರಿಕಲ್ಲು ಬಂತು. ಮುಖ ಸವೆದಿತ್ತು, ಆದರೂ ಸಾಲುಗಳಿದ್ದದ್ದು ಕಾಣುತ್ತಿತ್ತು. ಪೌಲ್ ಟೈಲರರನ್ನು ಕರೆಸಿದವನು ನಾನೇ. ನಮ್ಮ ಮನೆಯ ಹಿರಿಮೆಯ ಬಗ್ಗೆ ಏನಾದರೂ ಇದ್ದೀತು, ಜೀರ್ಣೋದ್ಧಾರದ ಸಂಚಿಕೆಯ ಮೊದಲ ಪುಟಕ್ಕೆ ಹಾಕಬಹುದು ಎಂಬ ಆಸೆ. ಅವರು ಎರಡು ಭಾನುವಾರ ಅದರ ಮುಂದೆ ಕೂತರು. ಅದರ ಮುಂದಿನ ಶುಕ್ರವಾರ ಅಂಗಡಿಗೆ ಅರ್ಧ ದಿನ ಬಾಗಿಲು ಹಾಕಿ ನಮ್ಮ ಮನೆಗೆ ಬಂದರು. ಕೈಯಲ್ಲಿ ಸುರುಳಿ ಸುತ್ತಿದ ಪಡಿಯಚ್ಚು. ಮುಖ ಅರಳಿತ್ತು.

ಚಾವಡಿಯಲ್ಲಿ ಕಾಗದ ಬಿಡಿಸಿದರು. ನಾಲ್ಕು ಮೂಲೆಗೆ ನಾಲ್ಕು ಅಡಿಕೆ ಇಟ್ಟೆವು.

"ಹನ್ನೊಂದು ಸಾಲು ಉಂಟು ಶೆಟ್ರೇ. ಇಂಥದ್ದನ್ನು ನಾನು ಬೇರೆ ಎಲ್ಲಿಯೂ ಓದಿದ್ದಿಲ್ಲ. ರಾಜನ ಹೆಸರು ಇಲ್ಲ, ಯುದ್ಧ ಇಲ್ಲ. ಊರಿನವರೇ ಸೇರಿ ಹಾಕಿಸಿದ್ದು."

ಆಮೇಲೆ ಬೆರಳಿಟ್ಟು ಓದುತ್ತಾ ಅರ್ಥ ಹೇಳಿದರು. ಒಂದು ವರ್ಷ ಮಳೆ ಹೋಯಿತು. ಮರುವರ್ಷವೂ ಹೋಯಿತು. ಊರು ಉಪವಾಸ ಬಿತ್ತು. ಆಗ ಕಲ್ಲಾಪು ಮನೆಯವರು ಬೈಹುಲ್ಲಿನಲ್ಲಿ ಕಟ್ಟಿಟ್ಟ ಅಕ್ಕಿಯ ಮುಡಿಗಳನ್ನೆಲ್ಲ ಬಿಚ್ಚಿದರು. ಅದು ಮುಗಿದ ಮೇಲೆ ಬಿತ್ತನೆಗೆ ಇಟ್ಟ ಭತ್ತದ ಮುಡಿಗಳನ್ನೂ ಬಿಚ್ಚಿದರು. ಊರು ಉಳಿಯಿತು. ಅವರ ಗದ್ದೆಗೆ ಬಿತ್ತಲು ಬೀಜ ಉಳಿಯಲಿಲ್ಲ. ಅದಕ್ಕಾಗಿ ಈ ಊರಿನ ದೈವದ ಮೊದಲ ವೀಳ್ಯ ಎಂದೆಂದಿಗೂ ಕಲ್ಲಾಪು ಮನೆಗೆ. ಆ ಅನ್ನ ಉಂಡ ಮನೆಗಳು ಇದಕ್ಕೆ ಸಾಕ್ಷಿ.

"ಸಾಕ್ಷಿಯ ಹೆಸರು ಏಳನೇ ಸಾಲಿನಿಂದ ಸುರು ಆಗ್ತದೆ. ಇಲ್ಲಿ ನೋಡಿ, ಮೊದಲನೇ ಹೆಸರೇ ನಿಮ್ಮದು. ಮೇಗಿನಗುತ್ತು." ಅವರು ನನ್ನ ಮುಖ ನೋಡಿದರು. ನನಗೆ ಸಂತೋಷವಾಗುತ್ತದೆ ಎಂದು ಅವರು ನಂಬಿದ್ದರು. "ಎಷ್ಟು ಹಳೇ ಮನೆ ನೋಡಿ ನಿಮ್ಮದು. ಕಲ್ಲಿನಲ್ಲಿ ಉಂಟು."

ಉಂಡವರ ಪಟ್ಟಿಯಲ್ಲಿ ಮೊದಲನೆಯ ಹೆಸರು ನಮ್ಮದು.

"ಬಾಬಣ್ಣನಿಗೆ ಹೇಳಿದ್ರಾ?" ಎಂದು ಕೇಳಿದೆ.

"ಇಲ್ಲಪ್ಪ. ಕಾರ್ಯದರ್ಶಿ ನೀವಲ್ವಾ. ನೀವೇ ಸಭೆಯಲ್ಲಿ ಹೇಳಿದ್ರೆ ಚಂದ. ಸೋಮವಾರ ಮೂಡುಬಿದಿರೆಯ ಕಾಲೇಜಿನ ಒಬ್ರು ಲೆಕ್ಚರರು ಬರ್ತಾರೆ, ಫೋಟೋ ತೆಗೀತಾರೆ. ಈ ಕಾಗದ ನಿಮ್ಮ ಹತ್ರವೇ ಇರಲಿ. ನನ್ನ ಅಂಗಡಿ ಸೋರ್ತದೆ."

ಕಾಗದವನ್ನು ನನ್ನ ಕೈಯಲ್ಲಿ ಕೊಟ್ಟು, ಅಂಗಳದಲ್ಲಿ ಚಪ್ಪಲಿ ಮೆಟ್ಟಿಕೊಂಡು ಹೋದರು.

ಮರುದಿನ ಶನಿವಾರ. ಮಧ್ಯಾಹ್ನ ಆಳುಗಳೆಲ್ಲ ಊಟಕ್ಕೆ ಕೂತಿದ್ದರು. ಹೊಸ ಸಭಾಭವನದ ಬದಿಯ ಬಾಗಿಲಿಗೆ, ಊಟದ ಹಾಲಿಗೆ ಹೋಗುವ ಬಾಗಿಲಿಗೆ, ಮೂರು ಮೆಟ್ಟಿಲು ಕೂರಿಸುವ ಕೆಲಸ ಬಾಕಿ ಇತ್ತು. ಬಂಟ್ವಾಳದ ಕಡೆಯಿಂದ ಬಂದಿದ್ದ ಮೇಸ್ತ್ರಿ ಒಬ್ಬರೇ ಅಲ್ಲಿ ಬೀಡಿ ಸೇದುತ್ತಾ ನಿಂತಿದ್ದರು.

"ಒಂದು ಕಲ್ಲು ಕಮ್ಮಿ ಬೀಳ್ತದಲ್ವಾ? ಇದನ್ನು ಹಾಕಿ" ಎಂದು ಆ ಕರಿಕಲ್ಲು ತೋರಿಸಿದೆ.

ಮೇಸ್ತ್ರಿ ಬಗ್ಗಿ ನೋಡಿದರು. "ಇದ್ರಲ್ಲಿ ಎಂತದೋ ಗೀಟು ಉಂಟಲ್ವಾ ಶೆಟ್ರೇ?"

"ಕತ್ತಿ ಮಸೆದದ್ದು. ಹಿಂದಿನವರು ಕತ್ತಿ ಮಸೀಲಿಕ್ಕೆ ಇಟ್ಕೊಂಡ ಕಲ್ಲು ಅದು. ಆ ಮುಖ ಕೆಳಗೆ ಹಾಕಿ, ಹಿಂದಿನ ಬದಿ ಸಮ ಉಂಟು."

ಅಷ್ಟೇ. ಎಲ್ಲ ಬೆಳಕಿನಲ್ಲೇ ಆಯಿತು. ಯಾರೂ ನೋಡಬಾರದು ಎಂದು ನಾನು ಬಾಗಿಲು ಹಾಕಲಿಲ್ಲ, ಯಾರಿಗೂ ಕೈಬಿಸಿ ಮಾಡಲಿಲ್ಲ. ಊಟ ಮುಗಿಸಿ ಬಂದ ಮೇಸ್ತ್ರಿಯ ಊರಿನ ಆಳುಗಳು ನಾಲ್ಕು ಜನ ಸೇರಿ ಎತ್ತಿದರು, ಮಗುಚಿದರು, ಸಿಮೆಂಟು ಹಾಕಿದರು. ಮೂರು ಗಂಟೆಗೆ ಅದು ಎರಡನೇ ಮೆಟ್ಟಿಲಾಗಿತ್ತು. ಮನೆಗೆ ಹೋಗಿ ಸ್ನಾನಕ್ಕೆ ನೀರು ಕಾಯಿಸುವ ಒಲೆಗೆ ಪಡಿಯಚ್ಚನ್ನು ತುರುಕಿದೆ. ಗೋಂದು ಹಾಕಿದ ಮಸಿಯಾದ್ದರಿಂದ ಬೇಗ ಹತ್ತಿಕೊಂಡಿತು. ಆ ನೀರಿನಲ್ಲೇ ಸ್ನಾನ ಮಾಡಿದೆ.

ಸೋಮವಾರ ಲೆಕ್ಚರರು ಬಂದರು. ಸಮಿತಿಯವರು, ಊರಿನವರು ಸೇರಿ ಮೂವತ್ತು ಜನರಿದ್ದರು. ಪೌಲ್ ಟೈಲರರು ಇಸ್ತ್ರಿ ಹಾಕಿದ ಅಂಗಿ ತೊಟ್ಟು ಬಂದಿದ್ದರು. ಕಲ್ಲು ಇದ್ದ ಜಾಗದಲ್ಲಿ ಮರಳಿನ ರಾಶಿ ಇತ್ತು. ಅವರು ಅದರ ಸುತ್ತ ಎರಡು ಸುತ್ತು ಬಂದರು.

"ಇಲ್ಲೇ ಇತ್ತಲ್ವಾ ಶೆಟ್ರೇ?"

"ಯಾವ ಕಲ್ಲು?"

ನಾನು ಹಾಗೆ ಕೇಳಿದೆ. ಆ ಎರಡು ಶಬ್ದ ಹೇಳಲು ನನಗೆ ಕಷ್ಟವೇ ಆಗಲಿಲ್ಲ. ಅದನ್ನೂ ಇಲ್ಲಿ ಬರೆಯಬೇಕು.

"ನಾನು ಓದಿದ ಕಲ್ಲು. ಶುಕ್ರವಾರ ಕಾಗದ ಕೊಟ್ಟೆನಲ್ಲ ನಿಮ್ಮ ಕೈಯಲ್ಲಿ."

"ಕಾಗದ ಎಂತದೂ ಕೊಟ್ಟಿಲ್ಲ ನೀವು. ಬಾಯಲ್ಲಿ ಏನೋ ಹೇಳಿದ್ರಿ. ಅದು ಕತ್ತಿ ಮಸೆಯುವ ಕಲ್ಲು ಪೊರ್ಬುಗಳೇ. ಅಡಿಪಾಯಕ್ಕೆ ಹೋದ ಕಲ್ಲುಗಳ ಒಟ್ಟಿಗೆ ಹೋಗಿರ್ಬೇಕು."

ಲೆಕ್ಚರರು ಕ್ಯಾಮೆರಾವನ್ನು ಮತ್ತೆ ಚೀಲಕ್ಕೆ ಹಾಕಿಕೊಂಡರು. ಪೌಲ್ ಟೈಲರರು ಅಳತೆ ಪುಸ್ತಕ ತೆಗೆದು, ಅದರಲ್ಲಿ ಬರೆದುಕೊಂಡ ಹನ್ನೊಂದು ಸಾಲು ಓದತೊಡಗಿದರು. ಬೂಳ್ಯದ ಮಾತು ಬಂದಾಗ ಗುಂಪಿನಲ್ಲಿ ಗುಸುಗುಸು ಎದ್ದಿತು. ಸಮಿತಿಯ ಒಬ್ಬರು, "ಅದು ನೀವೇ ಬರೆದದ್ದಲ್ವಾ? ನಾನೂ ಬರೀತೇನೆ, ನನಗೆ ಮೊದಲ ಬೂಳ್ಯ ಅಂತ" ಎಂದರು. ಇನ್ನೊಬ್ಬರು, "ಅಲ್ಲ, ಇಗರ್ಜಿಯವರಿಗೆ ನಮ್ಮ ದೈವಸ್ಥಾನದಲ್ಲಿ ಎಂತ ಕೆಲಸ?" ಎಂದರು. ಆ ಮಾತನ್ನು ನಾನು ಹೇಳಲಿಲ್ಲ. ಆದರೆ ತಡೆಯಬಹುದಾಗಿದ್ದವನು ನಾನೊಬ್ಬನೇ, ನನ್ನ ಮಾತಿಗೆ ಅಲ್ಲಿ ಎಲ್ಲರೂ ಸುಮ್ಮನಾಗುತ್ತಿದ್ದರು. ನಾನು ಅಂಗಿಯ ತೋಳಿಗೆ ಹತ್ತಿದ ಸಿಮೆಂಟು ಉಜ್ಜುತ್ತಾ ನಿಂತಿದ್ದೆ.

ಮುಂದೆ ಬಂದವನು ಬಾಬಣ್ಣ. ತನ್ನ ಮನೆಯ ಹೆಸರು ಆ ಕಲ್ಲಿನಲ್ಲಿತ್ತು ಎಂದು ಅವನಿಗೆ ಗೊತ್ತಾದದ್ದೇ ಆ ಹೊತ್ತಿಗೆ. ನನಗೆ ಕೈಮುಗಿದ.

"ನಮ್ಗೆ ಬೂಳ್ಯ ಬೇಡ ಶೆಟ್ರೇ. ನಾವು ಕಂಬದ ಹತ್ರವೇ ನಿಲ್ತೇವೆ. ಪೊರ್ಬುಗಳನ್ನು ಸುಳ್ಳ ಅಂತ ಮಾತ್ರ ಹೇಳ್ಬೇಡಿ. ಅವ್ರಿಗೆ ಸುಳ್ಳು ಹೇಳ್ಲಿಕ್ಕೆ ಬರುದಿಲ್ಲ."

"ನಾನು ಯಾರನ್ನೂ ಸುಳ್ಳ ಅಂತ ಹೇಳ್ಲಿಲ್ಲ ಬಾಬಣ್ಣ. ವಯಸ್ಸಾಯ್ತು ಅವ್ರಿಗೆ. ಕಣ್ಣು ಮಂಜು" ಎಂದೆ.

ಆ ಸಲದ ಮೇಲ್ಕಟ್ಟನ್ನು ಬೆಳ್ತಂಗಡಿಯಲ್ಲಿ ಹೊಲಿಸಿದೆವು. ಸಮಿತಿಯ ತೀರ್ಮಾನ ಎಂದು ಪೌಲ್ ಟೈಲರರಿಗೆ ತಿಳಿಸಲು ನಾನೇ ಹೋಗಿದ್ದೆ. ಅವರು ಮೆಷಿನಿನ ಮೇಲೆ ಕೆಂಪು ಬಟ್ಟೆ ಆಗಲೇ ಹರಡಿಕೊಂಡಿದ್ದರು. ವರ್ಷ ವರ್ಷ ಯಾರೂ ಹೇಳದೆ ಅವರೇ ಸುರು ಮಾಡುವ ಕೆಲಸ. ನನ್ನ ಮಾತು ಕೇಳಿ, ಬಟ್ಟೆಯನ್ನು ಮಡಚಿ ಮಡಚಿ ಚಿಕ್ಕದು ಮಾಡಿ, ಕಾಗದದಲ್ಲಿ ಕಟ್ಟಿ ನನ್ನ ಕೈಯಲ್ಲಿ ಕೊಟ್ಟರು. "ಮೂಲೆಗೆ ಎರಡು ಹೊಲಿಗೆ ಜಾಸ್ತಿ ಹಾಕ್ಲಿಕ್ಕೆ ಹೇಳಿ ಅವ್ರಿಗೆ" ಎಂದರು.

ಆಮೇಲೆ ಊರು ಅವರನ್ನು ಆಟವಾಡಿಸಲು ಕಲಿಯಿತು. ಬಸ್ಸು ನಿಲ್ಲುವಲ್ಲಿ ಕೂತವರು ತಮ್ಮ ಹುಲ್ಲಿನ ಕತ್ತಿಯನ್ನು ಅವರ ಮೆಷಿನಿನ ಮೇಲೆ ಇಟ್ಟು, "ಪೊರ್ಬುಗಳೇ, ಇದರಲ್ಲಿ ಎಂತ ಬರೆದಿದೆ ಓದಿ ನೋಡುವ" ಎನ್ನುತ್ತಿದ್ದರು. ಮೊದಮೊದಲು ಅವರು ಕತ್ತಿಯನ್ನು ಎತ್ತಿ ಬೆಂಚಿನ ಮೇಲೆ ಇಡುತ್ತಿದ್ದರು. ಆಮೇಲೆ ಅದನ್ನೂ ಬಿಟ್ಟರು. ಕತ್ತಿ ಅಲ್ಲೇ ಇರುತ್ತಿತ್ತು, ಅದರ ಪಕ್ಕದಲ್ಲೇ ಹೊಲಿಯುತ್ತಿದ್ದರು. ಭಾನುವಾರದ ಸವಾರಿ ನಿಂತಿತು. ಬ್ರಶ್ಶಿನಿಂದ ಅಂಗಡಿಯ ಬಾಗಿಲಿನ ಜೇಡರ ಬಲೆ ತೆಗೆಯುವುದನ್ನು ನಾನು ಕಂಡಿದ್ದೇನೆ. ಕಾಲೇಜು ಮಕ್ಕಳು ಮೂಡುಬಿದಿರೆಯಿಂದ ರೆಡಿಮೇಡ್ ತರುವ ಕಾಲವೂ ಬಂತು. ಬಾಬಣ್ಣ ಮಾತ್ರ ಬಟ್ಟೆ ತೆಗೆದುಕೊಂಡು ಅಲ್ಲಿಗೇ ಹೋಗುತ್ತಿದ್ದ, ಬೇಡದಿದ್ದರೂ ವರ್ಷಕ್ಕೆ ಎರಡು ಅಂಗಿ.

ಕೆಲವು ವರ್ಷಗಳ ನಂತರ ಬಾಬಣ್ಣನ ಮೊಮ್ಮಗಳ ಮದುವೆ ಸಭಾಭವನದಲ್ಲಿ ಆಯಿತು. ನಾನು ಊಟದ ಹಾಲಿನ ಒಳಗೆ ಬದಿಯ ಬಾಗಿಲ ಹತ್ತಿರ ನಿಂತು ಜನರನ್ನು ಕರೆಯುತ್ತಿದ್ದೆ. ಪೌಲ್ ಟೈಲರರು ಕೋಲು ಊರಿಕೊಂಡು ಬಂದರು. ಮೊಣಗಂಟು ನೋವಿನಿಂದ ಮೆಟ್ಟಿಲು ಹತ್ತುವುದು ಕಷ್ಟವಾಗಿತ್ತು. ಕೆಳಗಿನ ಮೆಟ್ಟಿಲ ಮೇಲೆ ಸುಧಾರಿಸಿಕೊಳ್ಳಲು ಕೂತರು. ಎರಡನೇ ಮೆಟ್ಟಿಲ ಮೇಲೆ ನಾಲ್ಕು ಜೋಡಿ ಚಪ್ಪಲಿ ಇತ್ತು, ಜನ ಅಲ್ಲೇ ಬಿಟ್ಟು ಒಳಗೆ ಬರುತ್ತಾರೆ. ಅವರ ಅಂಗೈ ಸುಮ್ಮನೆ ಆ ಕಲ್ಲಿನ ಅಂಚಿನ ಮೇಲೆ ಹೋಯಿತು. ಅಲ್ಲೇ ನಿಂತಿತು. ಆಮೇಲೆ ಆ ತುದಿಯಿಂದ ಈ ತುದಿಗೆ ಗೇಣು ಹಾಕಿದರು. ಒಂದು, ಎರಡು, ಮೂರು, ನಾಲ್ಕು, ಐದು. ಮೇಲೆ ಎರಡು ಬೆರಳು.

ಅವರು ತಲೆಯೆತ್ತಿ ನನ್ನನ್ನು ನೋಡಿದರು. ನಾನು ಎಲ್ಲಿಗೂ ಓಡಲಾರದೆ ಬಾಗಿಲಲ್ಲಿ ನಿಂತಿದ್ದೆ.

ಅವರು ಆ ನಾಲ್ಕು ಜೋಡಿ ಚಪ್ಪಲಿಯನ್ನು ಒಂದೊಂದಾಗಿ ತೆಗೆದು ನೆಲದ ಮೇಲೆ ಇಟ್ಟರು. ತಮ್ಮದನ್ನೂ ಬಿಚ್ಚಿ ಅವುಗಳ ಸಾಲಿನಲ್ಲಿ ಇಟ್ಟರು. ಕಂಬಿ ಹಿಡಿದುಕೊಂಡು, ನೋವಿನ ಕಾಲನ್ನು ಮೊದಲ ಮೆಟ್ಟಿಲಿನಿಂದ ನೇರ ಮೂರನೆಯದಕ್ಕೆ ಎತ್ತಿ ಇಡಲು ನೋಡಿದರು. ಆಗಲಿಲ್ಲ. ಎರಡನೆಯ ಸಲಕ್ಕೆ ಆಯಿತು. ನನ್ನ ಪಕ್ಕದಿಂದ ಹಾದು ಹೋಗಿ ಬಾಬಣ್ಣನ ಕೈ ಹಿಡಿದು ಊಟಕ್ಕೆ ಕೂತರು. ಅವರು ಈಗ ಹೇಳುತ್ತಾರೆ, ಎಲ್ಲರೂ ಇದ್ದಾರೆ, ಈಗ ಹೇಳುತ್ತಾರೆ ಎಂದು ಪಾಯಸ ಮುಗಿಯುವವರೆಗೂ ನಾನು ಕಾದೆ. ಅವರು ಊಟ ಹೊಗಳಿ ಮನೆಗೆ ಹೋದರು.

ಕೊನೆಯ ಸಲ ನೋಡಿದ್ದು ಅವರ ಮನೆಯಲ್ಲಿ. ಮಲಗಿದ್ದಾರೆ ಎಂದು ಕೇಳಿ ಹೋಗಿದ್ದೆ. ಶ್ವಾಸದ ತೊಂದರೆ. ಬಾಯಮ್ಮ ಕುರ್ಚಿ ಕೊಟ್ಟು, ಕಾಫಿ ಮಾಡಲು ಒಳಗೆ ಹೋದರು. ಟೇಪು ಮಂಚದ ಕಂಬಿಗೆ ಸುತ್ತಿಕೊಂಡಿತ್ತು.

"ನಲವತ್ತೇಳೂವರೆ ಇಂಚು ಶೆಟ್ರೇ" ಎಂದರು. "ಪುಸ್ತಕದಲ್ಲಿ ಉಂಟು."

ನಾನು ನೆಲ ನೋಡಿದೆ. "ಯಾಕೆ ಹೇಳ್ಲಿಲ್ಲ ನೀವು?"

ಸ್ವಲ್ಪ ಹೊತ್ತು ಉಸಿರು ಕೂಡಿಸಿಕೊಂಡರು. "ನಮ್ಮಲ್ಲಿ ಕುಮ್ಸಾರ್ ಅಂತ ಉಂಟು. ಪಾದ್ರಿಗಳ ಹತ್ರ ಹೋಗಿ ಮಾಡಿದ ಪಾಪ ಹೇಳುದು. ಅದನ್ನು ಮಾಡಿದವನೇ ಹೇಳ್ಬೇಕು. ಬೇರೆಯವ ಹೇಳಿದ್ರೆ ಅದು ಚಾಡಿ." ಮತ್ತೆ ಉಸಿರು. "ನಾನು ಹೇಳಿದ್ರೆ ಊರಿನವರು ಕಲ್ಲು ಮಗುಚುತ್ತಿದ್ರು. ಓದ್ಲಿಕ್ಕೆ ಅಲ್ಲ. ಜಗಳಕ್ಕೆ. ನೀವು ಹೇಳಿದ್ರೆ ಓದ್ತಾರೆ."

"ಹೇಳ್ತೇನೆ" ಎಂದೆ.

"ಹೇಳಿ. ಅವಸರ ಇಲ್ಲ. ಕಲ್ಲು ಕಾಯ್ತದೆ. ನಾನು ಕಾಯ್ಲಿಕ್ಕೆ ಆಗುದಿಲ್ಲ, ಅಷ್ಟೆ."

ಬಾಯಮ್ಮ ಕಾಫಿ ತಂದರು. ಕುಡಿದು ಎದ್ದೆ. ಹದಿನೆಂಟು ದಿನಕ್ಕೆ ಅವರು ತೀರಿಕೊಂಡರು. ಆ ಹದಿನೆಂಟು ದಿನದಲ್ಲಿ ನಾನು ಯಾರಿಗೂ ಹೇಳಲಿಲ್ಲ. ಇಗರ್ಜಿಯ ಹೊರಗೆ ಮರದ ಕೆಳಗೆ ನಿಂತು ಪೆಟ್ಟಿಗೆ ಹೋಗುವುದನ್ನು ನೋಡಿದೆ. ಬಾಬಣ್ಣ ಪೆಟ್ಟಿಗೆಗೆ ಹೆಗಲು ಕೊಟ್ಟಿದ್ದ. ಅವನೂ ಈಗ ಇಲ್ಲ. ಅವನ ಮಗ ನೇಮದ ದಿನ ಅದೇ ಕಂಬದ ಹತ್ತಿರ ನಿಲ್ಲುತ್ತಾನೆ.

ಆಮೇಲೆ ಆರು ನೇಮ ಆಯಿತು. ಆರು ಸಲವೂ ದೈವ ನಮ್ಮ ಮನೆಯ ಹೆಸರು ಕರೆಯಿತು. ಆರು ಸಲವೂ ನಾನು ಎದ್ದು ನಿಂತು ಕೈಯೊಡ್ಡಿದೆ.

ಸಂಚಿಕೆಗೆ ಬರೆಯಲು ಒಪ್ಪಿಕೊಂಡ ಮಾರನೆಯ ದಿನ ಬಾಯಮ್ಮನ ಮನೆಗೆ ಹೋದೆ. ಅವರಿಗೆ ಕಿವಿ ಸ್ವಲ್ಪ ದೂರ. ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಹೇಳಬೇಕಾಯಿತು. ಕಾಗದ ಸುಟ್ಟದ್ದನ್ನು ಎರಡು ಸಲ ಹೇಳಿಸಿದರು. ಪಕ್ಕದ ಮನೆಯವರಿಗೂ ಕೇಳಿರಬೇಕು.

"ನನ್ನ ಹತ್ರ ಹೇಳಿ ಎಂತ ಪ್ರಯೋಜನ?" ಎಂದರು. "ನಾನು ಅವ್ರನ್ನು ಯಾವತ್ತೂ ಸುಳ್ಳ ಅಂತ ತಿಳ್ಕೊಂಡವಳಲ್ಲ. ಕತ್ತಿ ತಂದು ಇಟ್ಟವರ ಹತ್ರ ಹೇಳಿ."

ಅಳತೆ ಪುಸ್ತಕ ಇದೆಯೇ ಎಂದು ಕೇಳಿದೆ. ತಂದರು. ಯಾರದೋ ಕುತ್ತಿಗೆ, ಯಾರದೋ ಸೊಂಟ, ಅವುಗಳ ನಡುವೆ ಅವರ ದುಂಡಗಿನ ಅಕ್ಷರದಲ್ಲಿ ಹನ್ನೊಂದು ಸಾಲು. ಉದ್ದ ನಲವತ್ತೇಳೂವರೆ, ಅಗಲ ಹದಿನಾಲ್ಕು. ಸಂಚಿಕೆಗೆ ಬೇಕಿತ್ತು, ಎರಡು ದಿನಕ್ಕೆ ಕೊಡುತ್ತೀರಾ ಎಂದೆ. ಬಾಯಮ್ಮ ಪುಸ್ತಕವನ್ನು ನನ್ನ ಕೈಯಿಂದ ಮೆಲ್ಲನೆ ತೆಗೆದುಕೊಂಡರು.

"ಇಲ್ಲ. ಒಮ್ಮೆ ಕಾಗದ ಕೊಟ್ಟದ್ದು ಸಾಕು ನಿಮ್ಮ ಕೈಯಲ್ಲಿ."

ಕ್ಷಮೆ ಕೇಳಬೇಕೆಂದು ಹೋದವನು ಕೇಳದೆ ಬಂದೆ. ಕೇಳುವ ಜಾಗ ಅದಲ್ಲ ಎಂದು ಅವರು ಹೇಳಿಯಾಗಿತ್ತು.

ಆದ್ದರಿಂದ ಕತ್ತಿ ತಂದು ಇಟ್ಟವರೆಲ್ಲ ಓದುವಲ್ಲಿ ಇದನ್ನು ಬರೆದಿದ್ದೇನೆ. ಪೌಲ್ ಟೈಲರರು ಓದಿದ್ದು ಒಂದಕ್ಷರವೂ ಸುಳ್ಳಲ್ಲ. ಅವರ ಕಣ್ಣು ಮಂಜಾಗಿರಲಿಲ್ಲ. ಬರುವ ನೇಮದಲ್ಲಿ ನಮ್ಮ ಮನೆಯ ಹೆಸರು ಮೊದಲು ಕರೆದರೆ ನಾನು ಏಳುವುದಿಲ್ಲ, ನನ್ನ ಮನೆಯವರೂ ಏಳಬಾರದು ಎಂದು ಹೇಳಿದ್ದೇನೆ. ಅವರು ನನ್ನೊಡನೆ ಮಾತು ಬಿಟ್ಟಿದ್ದಾರೆ. ಸಮಿತಿಯವರು ಈ ಪುಟಗಳನ್ನು ಅಚ್ಚು ಹಾಕುತ್ತಾರೋ ಇಲ್ಲವೋ ಗೊತ್ತಿಲ್ಲ. ಹಾಕದಿದ್ದರೆ ಬಸ್ಸು ನಿಲ್ಲುವಲ್ಲಿ, ಮುಚ್ಚಿದ ಆ ಅಂಗಡಿಯ ಬಾಗಿಲಿಗೆ ಅಂಟಿಸುತ್ತೇನೆ.

ಕಲ್ಲು ಸಭಾಭವನದ ಬದಿಯ ಬಾಗಿಲಿನಲ್ಲಿದೆ. ಕೆಳಗಿನಿಂದ ಎರಡನೇ ಮೆಟ್ಟಿಲು. ಎಬ್ಬಿಸುವಾಗ ಹಾರೆಯನ್ನು ತುದಿಗೆ ಹಾಕಿ, ನಡುವಿಗೆ ಹಾಕಿದರೆ ಕೆಳಮುಖದ ಅಕ್ಷರಕ್ಕೆ ತಾಗುತ್ತದೆ. ಚಾಕ್ ಬೇಡ, ಅಕ್ಕಿ ಹಿಟ್ಟು ತನ್ನಿ. ಚಪ್ಪಲಿ ಬಿಟ್ಟು ಕೂತುಕೊಳ್ಳಿ. ಓದಲು ಬರುವವರನ್ನು ಕರೆಸಿ, ಬಾಬಣ್ಣನ ಮಗನನ್ನು ಮುಂದೆ ಕೂರಿಸಿ, ಗಟ್ಟಿಯಾಗಿ ಓದಿಸಿ. ಏಳನೇ ಸಾಲಿನಲ್ಲಿ ನಮ್ಮ ಮನೆಯ ಹೆಸರು ಬರುತ್ತದೆ. ನಾನು ಅಲ್ಲಿ ಇದ್ದೇನೆಂ‌ದು ದನಿ ತಗ್ಗಿಸಬೇಡಿ.